ಇಂಗ್ಲೆಂಡಿನ ಬ್ಯಾಂಕೂ ಜನರ ನಂಬಿಕೆಯೂ (೧೬೯೪–೧೮೭೩)

೧

ಬ್ಯಾಂಕಿನ ವ್ಯವಹಾರದ ಮೂಲದಲ್ಲಿಯೇ ಒಂದು ತೊಡಕು ಅಡಗಿದೆ. ಠೇವಣಿಯಿಟ್ಟವನು ಕೇಳಿದೊಡನೆಯೇ ಹಣವನ್ನು ಹಿಂದಕ್ಕೆ ಕೊಡುವುದಾಗಿ ಅದು ಮಾತು ಕೊಟ್ಟಿರುತ್ತದೆ; ಅದೇ ಹಣವನ್ನು ತಿಂಗಳುಗಟ್ಟಲೆ, ಕೆಲವು ವೇಳೆ ವರ್ಷಗಟ್ಟಲೆ, ಕೈಗೆ ಬಾರದ ಸಾಲಗಳಲ್ಲಿ ತೊಡಗಿಸಿಯೂ ಇರುತ್ತದೆ. ಎಲ್ಲರೂ ಒಂದೇ ದಿನ ಬಂದು ಕೇಳುವುದಿಲ್ಲವೆಂಬ ಅನುಭವವೇ ಈ ವ್ಯವಹಾರಕ್ಕೆಲ್ಲ ಆಧಾರ. ನಂಬಿಕೆಯಿರುವ ದಿನಗಳಲ್ಲಿ ಪೆಟ್ಟಿಗೆಯಲ್ಲಿ ಅಲ್ಪಸ್ವಲ್ಪ ರೊಕ್ಕವಿದ್ದರೂ ಕೆಲಸ ಸಾಗುತ್ತದೆ. ನಂಬಿಕೆ ಸಡಿಲಿದ ದಿನವಾದರೋ, ಪೆಟ್ಟಿಗೆಯಲ್ಲಿ ಎಷ್ಟಿದ್ದರೂ ಸಾಲದು. ಏಕೆಂದರೆ ಮೊದಲು ಬಂದವನಿಗೆ ಪೂರ್ತಿ ದೊರೆತು, ಕಡೆಗೆ ಬಂದವನಿಗೆ ಏನೂ ದೊರೆಯದಿರಬಹುದೆಂಬ ಭಯವು ವಿವೇಕಿಗಳನ್ನೂ ಸಾಲಿನಲ್ಲಿ ನಿಲ್ಲಿಸುತ್ತದೆ. ಪಕ್ಕದವನು ಓಡುತ್ತಿರುವಾಗ ತಾನೊಬ್ಬನೇ ನಿಂತಿರುವುದು ಅವಿವೇಕವಾಗಿ ತೋರುತ್ತದೆ.

ಹಾಗಾದರೆ ಅಂಥ ದಿನದಲ್ಲಿ ದೊಡ್ಡ ಬ್ಯಾಂಕೊಂದು ಯಾವುದರ ಬಲದಿಂದ ನಿಲ್ಲುತ್ತದೆ? ಈ ಪ್ರಶ್ನೆಗೆ ಇಂಗ್ಲೆಂಡಿನ ಬ್ಯಾಂಕಿನ ಚರಿತ್ರೆಯಲ್ಲಿ ದೊರೆಯುವಷ್ಟು ವಿಶದವಾದ ಉತ್ತರವು ಬೇರೆಡೆ ದೊರೆಯುವುದು ಕಷ್ಟ. ಆ ಬ್ಯಾಂಕು ಸರ್ಕಾರದ ಸ್ವತ್ತಾದುದು ೧೯೪೬ರಲ್ಲಿ. ಅದಕ್ಕೆ ಹಿಂದೆ, ಎರಡೂವರೆ ಶತಮಾನಗಳ ಕಾಲ, ಅದು ಷೇರುದಾರರಿಗೆ ಸೇರಿದ ಒಂದು ಖಾಸಗಿ ಸಂಸ್ಥೆಯಾಗಿದ್ದಿತು. ಇತರ ಬ್ಯಾಂಕುಗಳಿಗೆ ಅದು ಆಸರೆಯಾಗಿದ್ದಿತೇ ಹೊರತು ಅದರ ಬೆನ್ನ ಹಿಂದೆ ಮತ್ತೊಂದು ಬ್ಯಾಂಕು ಇರಲಿಲ್ಲ. ಆದುದರಿಂದ ಅದು ಸಂಶಯದ ಕಾಲವನ್ನು ಪ್ರತಿಸಲವೂ ಹೇಗೆ ದಾಟಿತೆಂಬುದನ್ನು ಪರ್ಯಾಲೋಚಿಸಿದರೆ, ಬ್ಯಾಂಕಿನ ನಿಜವಾದ ಬಲವೆಲ್ಲಿದೆಯೆಂಬುದು ತಾನಾಗಿ ತೋರಿಬರುತ್ತದೆ.

೨

ಈ ಬ್ಯಾಂಕು ಹುಟ್ಟಿದ್ದು ೧೬೯೪ರಲ್ಲಿ. ಫ್ರಾನ್ಸಿನೊಡನೆ ಯುದ್ಧಮಾಡುತ್ತಿದ್ದ ಮೂರನೆಯ ವಿಲಿಯಂ ದೊರೆಯ ಸರ್ಕಾರಕ್ಕೆ ಸಾಲ ಕೊಡುವುದೇ ಅದರ ಮೊದಲ ಉದ್ದೇಶ. ಷೇರುದಾರರಿಂದ ಕೂಡಿಸಿದ ೧೨ ಲಕ್ಷ ಪೌಂಡುಗಳ ಮೂಲಧನವೆಲ್ಲವೂ ಸರ್ಕಾರಕ್ಕೇ ಸಲ್ಲಬೇಕಾಗಿದ್ದಿತು. ಬ್ಯಾಂಕು ಹೊರಡಿಸಿದ ನೋಟುಗಳು ಜನರಲ್ಲಿ ಹರಿದಾಡತೊಡಗಿದುವು. ಲಂಡನ್ನಿನಲ್ಲಿ ಅದುವರೆಗೆ ಲೇವಾದೇವಿಯನ್ನು ನಡಸುತ್ತಿದ್ದ ಅಕ್ಕಸಾಲಿಗ ಸಾಹುಕಾರರಿಗೆ ಇದು ಸಹನೆಯಾಗಲಿಲ್ಲ. ೧೬೯೬ರಲ್ಲಿ ಸವೆದುಹೋದ ಬೆಳ್ಳಿಯ ನಾಣ್ಯಗಳನ್ನೆಲ್ಲ ಹಿಂದಕ್ಕೆ ತೆಗೆದುಕೊಂಡು ಹೊಸ ನಾಣ್ಯಗಳನ್ನು ಅಚ್ಚುಹಾಕಲು ಸರ್ಕಾರವು ಹೊರಟಾಗ, ದೇಶದಲ್ಲಿ ರೊಕ್ಕದ ಬರ ಬಂದಿತು. ಆ ಸಮಯವನ್ನೇ ಕಾದಿದ್ದು ಸಾಹುಕಾರರು ತಾವು ಕೂಡಿಸಿಟ್ಟಿದ್ದ ನೋಟುಗಳನ್ನು ಮೇ ತಿಂಗಳಿನಲ್ಲಿ ಒಟ್ಟಿಗೆ ತಂದು ಹಣ ಕೇಳಿದರು. ಬ್ಯಾಂಕು ವಿರೋಧಿಗಳಿಗೆ ಕೊಡಲೊಲ್ಲದೆ, ಉಳಿದವರಿಗೆ ಕಂತುಗಳಲ್ಲಿ ಕೊಟ್ಟು, ಹೇಗೋ ದಿನ ನೂಕಿತು. ಅದರ ನೋಟುಗಳು ಮುಖಬೆಲೆಗಿಂತ ಕಡಮೆಗೆ ಮಾರಾಟವಾದುವು. ಮರುವರ್ಷ ಪಾರ್ಲಿಮೆಂಟು ಅದರ ಮೂಲಧನವನ್ನು ಹೆಚ್ಚಿಸಿ, ಅದರ ಹಕ್ಕುಗಳನ್ನು ಬಲಪಡಿಸಿದ ಮೇಲೆ ಬ್ಯಾಂಕು ಚೇತರಿಸಿಕೊಂಡಿತು. ಸರ್ಕಾರಕ್ಕೆ ಬ್ಯಾಂಕು ಬೇಕಾಗಿದ್ದುದೇ ಆಗ ಅದನ್ನು ಉಳಿಸಿದ ಬಲ.

ಎರಡನೆಯ ಪರೀಕ್ಷೆ ೧೭೪೫ರಲ್ಲಿ ಒದಗಿತು. ಪದಚ್ಯುತವಾದ ಸ್ಟೂಅರ್ಟ್ ವಂಶದ ರಾಜಕುಮಾರ ಚಾರ್ಲ್ಸ್ ಎಡ್ವರ್ಡನು ಸ್ಕಾಟ್ಲೆಂಡಿನಿಂದ ದಂಡೆತ್ತಿ ಬಂದು ಡಿಸೆಂಬರ್ ೪ರಂದು ಡರ್ಬಿ ಪಟ್ಟಣವನ್ನು ಸೇರಿದನೆಂಬ ವಾರ್ತೆ ಲಂಡನ್ನನ್ನು ತಲಪಿದಾಗ, ಜನರು ನೋಟುಗಳನ್ನು ಹಿಡಿದು ಬ್ಯಾಂಕಿಗೆ ಮುಗಿಬಿದ್ದರು. ಬ್ಯಾಂಕು ಕೊಡಲಾರೆನೆನ್ನಲಿಲ್ಲ, ಆರು ಪೆನ್ನಿಯ ಸಣ್ಣ ನಾಣ್ಯಗಳಲ್ಲಿ ಎಣಿಸಿ ಎಣಿಸಿ ಕೊಡತೊಡಗಿತು. ತನ್ನ ಕಡೆಯವರನ್ನೇ ಸಾಲಿನ ಮುಂದೆ ನಿಲ್ಲಿಸಿ, ಅವರು ಒಂದು ಬಾಗಿಲಿನಿಂದ ಒಯ್ದ ಹಣವನ್ನು ಮತ್ತೊಂದು ಬಾಗಿಲಿನಿಂದ ಹಿಂದಕ್ಕೆ ತರಿಸುತ್ತಿದ್ದಿತೆಂದೂ ಪ್ರತೀತಿಯಿದೆ. ಉಪಾಯವು ಹೊತ್ತನ್ನು ಗಳಿಸಿಕೊಟ್ಟಿತು. ಆದರೆ ಆ ಗಲಭೆಯ ತಿಂಗಳುಗಳಲ್ಲಿ ಬ್ಯಾಂಕನ್ನು ನಿಜವಾಗಿ ಎತ್ತಿ ಹಿಡಿದದ್ದು ಲಂಡನ್ನಿನ ವರ್ತಕರ ಒಡಂಬಡಿಕೆ. ಸಾವಿರಕ್ಕೂ ಮಿಕ್ಕ ವರ್ತಕರು, ತಾವು ಬ್ಯಾಂಕಿನ ನೋಟುಗಳನ್ನು ನಿರಾಕರಿಸದೆ ಸ್ವೀಕರಿಸುವೆವೆಂದು ಬರೆದು ರುಜುಮಾಡಿದರು. ರಾಜಕುಮಾರನು ಡರ್ಬಿಯಿಂದಲೇ ಹಿಂದಿರುಗಿದನು; ಭಯವೂ ಇಳಿಯಿತು.

೧೭೯೭ರ ವಿಪತ್ತು ಇವೆರಡಕ್ಕಿಂತಲೂ ದೊಡ್ಡದು. ಫ್ರಾನ್ಸಿನೊಡನೆ ನಾಲ್ಕು ವರ್ಷಗಳಿಂದ ನಡೆಯುತ್ತಿದ್ದ ಯುದ್ಧದ ವೆಚ್ಚಕ್ಕಾಗಿ ಚಿನ್ನವು ಹೊರದೇಶಗಳಿಗೆ ಹರಿದುಹೋಗುತ್ತಿದ್ದಿತು. ದಾಳಿಯ ಭಯದಿಂದ ಹಳ್ಳಿಪಳ್ಳಿಗಳ ಜನರು ಚಿನ್ನವನ್ನು ಹೂತಿಡತೊಡಗಿದ್ದರು. ಫೆಬ್ರವರಿ ೨೨ರಂದು ವೇಲ್ಸ್ ಸೀಮೆಯ ಫಿಷ್‌ಗಾರ್ಡಿನಲ್ಲಿ ಫ್ರೆಂಚರ ಒಂದು ಸಣ್ಣ ಪಡೆಯು ಇಳಿಯಿತು. ಎರಡು ದಿನಗಳಲ್ಲಿಯೇ ಅದು ಶರಣಾಗತವಾದರೂ ಭಯದ ವೇಗಕ್ಕೆ ತಡೆಯಿಲ್ಲದಾಯಿತು. ಬ್ಯಾಂಕಿನ ಬೊಕ್ಕಸ ಬರಿದಾಗುವ ಹಾಗೆ ತೋರಲು, ಫೆಬ್ರವರಿ ೨೬ರ ಭಾನುವಾರ ರಾಜಮಂತ್ರಾಲೋಚನ ಸಭೆಯು ಕೂಡಿ, ಬ್ಯಾಂಕು ಚಿನ್ನವನ್ನು ಕೊಡುವುದನ್ನು ನಿಲ್ಲಿಸತಕ್ಕುದೆಂದು ಆಜ್ಞೆಮಾಡಿತು. ಮರುದಿನವೇ ವರ್ತಕರು ನಗರಾಧಿಪತಿಯ ಭವನದಲ್ಲಿ ಸೇರಿ, ೧೭೪೫ರಂತೆಯೇ ನೋಟುಗಳನ್ನು ಸ್ವೀಕರಿಸುವೆವೆಂದು ಘೋಷಿಸಿದರು. ಒಂದು ಪೌಂಡಿನ ಮತ್ತು ಎರಡು ಪೌಂಡಿನ ಸಣ್ಣ ನೋಟುಗಳು ಹೊರಟುವು. ಕೆಲವು ವಾರಗಳಿಗೆಂದು ಮಾಡಿದ ಈ ಏರ್ಪಾಡು ೧೮೨೧ರ ವರೆಗೆ, ಇಪ್ಪತ್ತನಾಲ್ಕು ವರ್ಷಗಳ ಕಾಲ, ನಡೆದುಬಂದಿತು.

ಈ ಮೂರು ಸಂದರ್ಭಗಳನ್ನೂ ಒಟ್ಟಿಗೆ ನೋಡಿದರೆ ಒಂದಂಶವು ಸ್ಪಷ್ಟವಾಗುತ್ತದೆ. ಬೊಕ್ಕಸದಲ್ಲಿದ್ದ ಚಿನ್ನವು ಮೂರು ಸಲವೂ ಸಾಲದೆ ಹೋಯಿತು. ಬ್ಯಾಂಕಿಗೆ ಹಣ ಕೊಟ್ಟಿದ್ದವರಲ್ಲಿ ಪ್ರಬಲರಾದವರಿಗೆ, ಎಂದರೆ ಸರ್ಕಾರಕ್ಕೂ ವರ್ತಕರಿಗೂ, ಬ್ಯಾಂಕಿನ ಪತನವು ತಮ್ಮ ಪತನವೇ ಆಗಿದ್ದಿತು. ಆದಕಾರಣ ಅವರು ಓಡಲಿಲ್ಲ. ವಿರೋಧದಿಂದ ಹಣ ಕೇಳಿದವರು ೧೬೯೬ರಲ್ಲಿ ಮಾತ್ರ ಬಲಿಷ್ಠರಾಗಿದ್ದರು. ಬ್ಯಾಂಕಿಗೆ ಅತಿಯಾದ ಅಪಮಾನವೊದಗಿದ್ದೂ ಆಗಲೇ.

೩

ಅಲ್ಲಿಯ ವರೆಗೆ ಬ್ಯಾಂಕು ಕಲಿತದ್ದು ತನ್ನನ್ನು ಉಳಿಸಿಕೊಳ್ಳುವ ವಿದ್ಯೆಯನ್ನು. ಇತರರನ್ನು ಉಳಿಸದೆ ತಾನು ಉಳಿಯಲಾರೆನೆಂಬುದನ್ನು ಅದು ಕಂಡುಕೊಂಡದ್ದು ೧೮೨೫ರಲ್ಲಿ. ದಕ್ಷಿಣ ಅಮೆರಿಕದ ಹೊಸ ರಾಜ್ಯಗಳ ಸಾಲಪತ್ರಗಳಲ್ಲಿಯೂ ಹೊಸ ಹೊಸ ಕಂಪೆನಿಗಳ ಷೇರುಗಳಲ್ಲಿಯೂ ಜನರು ಹುಚ್ಚುಹಿಡಿದಂತೆ ಹಣ ಹೂಡಿದ್ದರು. ಆ ವರ್ಷದ ಡಿಸೆಂಬರಿನಲ್ಲಿ ಲಂಡನ್ನಿನ ಪೋಲ್ ತಾರ್ನ್‌ಟನ್ ಎಂಬ ಹೆಸರಾದ ಬ್ಯಾಂಕು ಬಾಗಿಲು ಮುಚ್ಚಿತು. ಅದನ್ನು ಆಶ್ರಯಿಸಿದ್ದ ಊರೂರ ಸಣ್ಣ ಬ್ಯಾಂಕುಗಳು ಒಂದರ ಮೇಲೊಂದು ಉರುಳಿದುವು. ವರ್ಷದ ಆದಿಯಲ್ಲಿ ೮೦ ಲಕ್ಷ ಪೌಂಡುಗಳಿಗೂ ಮಿಕ್ಕಿದ್ದ ಇಂಗ್ಲೆಂಡಿನ ಬ್ಯಾಂಕಿನ ಚಿನ್ನಬೆಳ್ಳಿಯ ಸಂಗ್ರಹವು ವರ್ಷಾಂತ್ಯಕ್ಕೆ ಸುಮಾರು ೧೨ ಲಕ್ಷಕ್ಕೆ ಇಳಿಯಿತು.

ಬ್ಯಾಂಕಿನ ನಿರ್ದೇಶಕರು ಮೊದಲು ಎಲ್ಲ ಲೇವಾದೇವಿಗಾರರೂ ಮಾಡುವಂತೆಯೇ ಮಾಡಿದರು, ಸಾಲಗಳನ್ನು ಬಿಗಿಹಿಡಿದರು. ಬಿಗಿಹಿಡಿದಷ್ಟೂ ಭಯವು ಬೆಳೆಯಿತು. ೧೭೯೭ರಂತೆ ಪಾವತಿಯನ್ನು ನಿಲ್ಲಿಸಲು ಅನುಮತಿ ಕೊಡಬೇಕೆಂದರೆ ಸರ್ಕಾರವು ಒಪ್ಪಲಿಲ್ಲ. ಹೀಗೆ ಹಿಂದಿನ ದಾರಿ ಮುಚ್ಚಿಹೋಗಲು, ಡಿಸೆಂಬರಿನ ನಡುವಿನಲ್ಲಿ ಬ್ಯಾಂಕು ಇದ್ದಕ್ಕಿದ್ದ ಹಾಗೆ ತನ್ನ ನಡೆಯನ್ನು ತಿರುಗಿಸಿತು. ಹುಂಡಿಗಳನ್ನು ಕೊಂಡಿತು, ಸರ್ಕಾರದ ಪತ್ರಗಳ ಮೇಲೆ ಸಾಲ ಕೊಟ್ಟಿತು, ಅದುವರೆಗೆ ಎಂದೂ ಒಪ್ಪದಿದ್ದ ಆಧಾರಗಳನ್ನೂ ಒಪ್ಪಿತು. ನಿರ್ದೇಶಕರಲ್ಲಿ ಒಬ್ಬನಾದ ಜೆರಮಯಾ ಹಾರ್ಮನ್ನನು ೧೮೩೨ರಲ್ಲಿ ಪಾರ್ಲಿಮೆಂಟಿನ ಸಮಿತಿಯ ಮುಂದೆ ಸಾಕ್ಷ್ಯವನ್ನು ಹೇಳುತ್ತ, ಬ್ಯಾಂಕಿನ ಕ್ಷೇಮಕ್ಕೆ ಹೊಂದುವ ಎಲ್ಲ ಬಗೆಗಳಿಂದಲೂ ತಾವು ಸಾಲ ಕೊಟ್ಟೆವೆಂದೂ, ಕೆಲವು ವೇಳೆ ಅತಿಯಾಗಿ ನಿಷ್ಕರ್ಷೆಮಾಡಲಿಲ್ಲವೆಂದೂ ಒಪ್ಪಿಕೊಂಡನು. ಚಲಾವಣೆಯಿಂದ ತೆಗೆದು ಮೂಲೆಗಿಟ್ಟಿದ್ದ ಒಂದು ಪೌಂಡಿನ ನೋಟುಗಳ ಪೆಟ್ಟಿಗೆಯೊಂದು ಸಿಕ್ಕಿತು. ಸರ್ಕಾರದ ಒಪ್ಪಿಗೆಯಿಂದ ಅವುಗಳನ್ನೂ ಹೊರಡಿಸಿದರು. ನಾರ್ವಿಚ್ ಪಟ್ಟಣದಲ್ಲಿ ಗರ್ನಿ ಮನೆತನದವರು ತಮ್ಮ ಬ್ಯಾಂಕಿನ ಮೇಜಿನ ಮೇಲೆ ಇಂಗ್ಲೆಂಡಿನ ಬ್ಯಾಂಕಿನ ನೋಟುಗಳನ್ನು ರಾಶಿಯಾಗಿ ಪೇರಿಸಿ ತೋರಿಸಲು, ಹಣ ಕೇಳಬಂದಿದ್ದ ಜನರು ನೋಡಿ ಸಮಾಧಾನಗೊಂಡು ಹಿಂದಿರುಗಿದರು. ಹಣವಿದೆಯೆಂದು ಕಂಡವರಿಗೆ ಹಣ ಬೇಡವಾಯಿತು. ಈ ಗರ್ನಿ ಮನೆತನದ ಹೆಸರು ಮುಂದೆಯೂ ಬರಲಿದೆ.

೪

ಈ ಅನುಭವದಿಂದ ನಿಯಮವೊಂದು ಹುಟ್ಟಬಹುದಾಗಿದ್ದಿತು. ಆದರೆ ಪಾರ್ಲಿಮೆಂಟಿನ ಆಲೋಚನೆಯು ಬೇರೆ ದಿಕ್ಕಿನಲ್ಲಿ ಹರಿಯಿತು. ನೋಟುಗಳು ಮಿತಿಮೀರಿ ಹೊರಡುವುದೇ ಎಲ್ಲ ಅನರ್ಥಗಳಿಗೂ ಕಾರಣವೆಂದು ಬಗೆದು, ಸರ್ ರಾಬರ್ಟ್ ಪೀಲನು ೧೮೪೪ರಲ್ಲಿ ಶಾಸನವೊಂದನ್ನು ಮಾಡಿಸಿದನು. ಅದರಂತೆ ಬ್ಯಾಂಕು ಎರಡು ಭಾಗವಾಯಿತು. ನೋಟಿನ ವಿಭಾಗವು ೧ ಕೋಟಿ ೪೦ ಲಕ್ಷ ಪೌಂಡುಗಳ ವರೆಗೆ ಸರ್ಕಾರದ ಪತ್ರಗಳ ಆಧಾರದ ಮೇಲೆ ನೋಟು ಹೊರಡಿಸಬಹುದು. ಅದಕ್ಕೆ ಮೇಲ್ಪಟ್ಟ ಒಂದೊಂದು ನೋಟಿಗೂ ಚಿನ್ನಬೆಳ್ಳಿಯ ಆಧಾರವಿರಬೇಕು. ಠೇವಣಿ ಮತ್ತು ಸಾಲಗಳ ವಿಭಾಗವು ತನ್ನ ಕೈಯಲ್ಲಿರುವ ನೋಟುಗಳಿಂದಲೇ ತನ್ನ ವ್ಯವಹಾರವನ್ನು ನಡಸಿಕೊಳ್ಳಬೇಕು.

ನೋಟು ಹಿಡಿದವನಿಗೆ ಇದರಿಂದ ಪೂರ್ಣ ರಕ್ಷಣೆ ದೊರೆಯಿತು; ಠೇವಣಿಯಿಟ್ಟವನಿಗೆ ದೊರೆಯಲಿಲ್ಲ. ಇದರ ಫಲವು ಮೂರೇ ವರ್ಷಗಳಲ್ಲಿ ಕಾಣಿಸಿಕೊಂಡಿತು. ೧೮೪೭ರಲ್ಲಿ ಧಾನ್ಯದ ವರ್ತಕರು ದಿವಾಳಿಯೆದ್ದು ಭಯ ಹಬ್ಬಿದಾಗ, ಬ್ಯಾಂಕಿನ ಸಾಲದ ವಿಭಾಗದ ಮೀಸಲು ಕರಗಿಹೋಗುತ್ತ ಬಂದಿತು. ನಾಳೆ ಬ್ಯಾಂಕಿನಲ್ಲಿ ನೋಟೇ ಇರುವುದಿಲ್ಲವೆಂಬ ಭಯದಿಂದ, ಅವಶ್ಯವಿಲ್ಲದವರೂ ಇಂದೇ ನೋಟು ತೆಗೆದುಕೊಂಡು ಬೀಗಹಾಕಿಟ್ಟರು. ಅಕ್ಟೋಬರ್ ೨೫ರಂದು ಪ್ರಧಾನಮಂತ್ರಿಯೂ ಅರ್ಥಮಂತ್ರಿಯೂ ಬ್ಯಾಂಕಿಗೆ ಪತ್ರವನ್ನು ಬರೆದು, ಅವಶ್ಯವಾದರೆ ಶಾಸನದ ಮಿತಿಯನ್ನು ಮೀರಿ ನೋಟು ಹೊರಡಿಸಬಹುದೆಂದೂ, ಪಾರ್ಲಿಮೆಂಟಿನ ಕ್ಷಮಾಪಣೆಯನ್ನು ತಾವು ಕೋರುವೆವೆಂದೂ ತಿಳಿಸಿದರು. ಪತ್ರವು ಪ್ರಕಟವಾದೊಡನೆ ಬೀಗಹಾಕಿಟ್ಟಿದ್ದ ನೋಟುಗಳು ಹೊರಬಿದ್ದುವು. ಮಿತಿಯನ್ನು ಮೀರುವ ಅವಶ್ಯಕತೆಯೇ ಉಂಟಾಗಲಿಲ್ಲ. ೧೮೫೭ರ ನವೆಂಬರ್ ೧೨ರಂದು ಮತ್ತೆ ಅಂಥದೇ ಪತ್ರ ಹೊರಟಿತು. ಆ ಸಂಜೆ ಸಾಲದ ವಿಭಾಗದಲ್ಲಿ ಉಳಿದಿದ್ದುದು ೬ ಲಕ್ಷ ಪೌಂಡುಗಳಿಗೂ ಕಡಮೆ. ಅದೇ ಕಟ್ಟಡದ ನೋಟಿನ ವಿಭಾಗದಲ್ಲಿ ಅದರ ಎಷ್ಟೋ ಪಾಲು ಚಿನ್ನವಿದ್ದರೂ ಶಾಸನದ ಗೋಡೆ ನಡುವೆ ನಿಂತಿದ್ದಿತು. ಆ ಸಲ ಮಿತಿಯನ್ನು ನಿಜವಾಗಿಯೂ ಮೀರಬೇಕಾಯಿತು.

೧೮೪೭ರ ಪತ್ರವು ಬೊಕ್ಕಸಕ್ಕೆ ಒಂದು ಪವನನ್ನೂ ಸೇರಿಸಲಿಲ್ಲವೆಂಬುದು ಗಮನಾರ್ಹವಾದ ಸಂಗತಿ. ಅದು ಸೇರಿಸಿದ್ದು, ಕೇಳಿದವರಿಗೆ ನಾಳೆಯೂ ದೊರೆಯುವುದೆಂಬ ನಿಶ್ಚಯವನ್ನು. ಆ ನಿಶ್ಚಯ ಬಂದೊಡನೆ ಇಂದು ಕೇಳುವವರು ಕಡಮೆಯಾದರು.

೫

ಇನ್ನು ೧೮೬೬ರ ಪ್ರಸಂಗ. ಲಂಡನ್ನಿನ ಲಂಬಾರ್ಡ್ ಬೀದಿಯಲ್ಲಿ ಓವರೆಂಡ್ ಗರ್ನಿ ಎಂಬ ಹುಂಡಿಯ ಸಾಹುಕಾರರ ಕೋಠಿಯಿದ್ದಿತು. ಮೇಲೆ ಹೇಳಿದ ನಾರ್ವಿಚ್ಚಿನ ಗರ್ನಿಗಳೇ ಅದರ ಒಡೆಯರು. ಇತರ ಬ್ಯಾಂಕುಗಳು ತಮ್ಮಲ್ಲಿ ಮಿಕ್ಕ ಹಣವನ್ನು, ಬೇಕೆಂದ ದಿನ ಹಿಂದಕ್ಕೆ ಪಡೆಯುವ ನಿಬಂಧನೆಯ ಮೇಲೆ, ಈ ಕೋಠಿಯಲ್ಲಿಡುತ್ತಿದ್ದುವು. ಕೋಠಿಯು ಅದರಿಂದ ವರ್ತಕರ ಹುಂಡಿಗಳನ್ನು ಕೊಳ್ಳುತ್ತಿದ್ದಿತು. ಇಂಗ್ಲೆಂಡಿನ ಬ್ಯಾಂಕನ್ನು ಬಿಟ್ಟರೆ ಇದಕ್ಕೆ ಸಮನಾದ ಹೆಸರು ಆ ಬೀದಿಯಲ್ಲಿ ಇರಲಿಲ್ಲ.

ಇಂಥ ಕೋಠಿಗಳು ಕೈಯಲ್ಲಿ ರೊಕ್ಕವನ್ನಿಟ್ಟುಕೊಳ್ಳದೆ, ಕಷ್ಟ ಬಂದಾಗಲೆಲ್ಲ ಇಂಗ್ಲೆಂಡಿನ ಬ್ಯಾಂಕಿಗೆ ಓಡಿಬರುವುದನ್ನು ಕಂಡು ಬೇಸತ್ತು, ಬ್ಯಾಂಕು ೧೮೫೮ರಲ್ಲಿ ಒಂದು ನಿಯಮವನ್ನು ಮಾಡಿತು. ಹುಂಡಿಯ ದಳ್ಳಾಳಿಗಳಿಗೆ ಇನ್ನು ಮೇಲೆ ಸಾಮಾನ್ಯವಾಗಿ ತನ್ನಲ್ಲಿ ಹಣ ದೊರೆಯದು. ಅವರು ತಮ್ಮ ಮೀಸಲನ್ನು ತಾವೇ ಇಟ್ಟುಕೊಳ್ಳತಕ್ಕುದು. ಗರ್ನಿಗಳಿಗೆ ಇದು ಸಹಿಸಲಿಲ್ಲ. ೧೮೬೦ರ ಏಪ್ರಿಲಿನಲ್ಲಿ ಅವರೂ ಅವರ ಕಡೆಯವರೂ ಸೇರಿ, ಬ್ಯಾಂಕಿನಲ್ಲಿದ್ದ ತಮ್ಮ ಹಣದಲ್ಲಿ ೧೬ ಲಕ್ಷ ೫೦ ಸಾವಿರ ಪೌಂಡುಗಳನ್ನು ಸಾವಿರ ಪೌಂಡಿನ ನೋಟುಗಳಾಗಿ ಕೆಲವೇ ದಿನಗಳಲ್ಲಿ ತೆಗೆದುಬಿಟ್ಟರು. ಬ್ಯಾಂಕನ್ನು ಹೆದರಿಸಿ ನಿಯಮವನ್ನು ಸಡಿಲಿಸುವುದೇ ಅವರ ಉದ್ದೇಶ. ಬ್ಯಾಂಕು ಜಗ್ಗಲಿಲ್ಲ, ಸ್ವಲ್ಪ ಕಾಲದ ಮೇಲೆ ನೋಟುಗಳು ಎರಡೆರಡು ತುಂಡಾಗಿ ಹಿಂದಿರುಗಿದುವು. ೧೬೯೬ರ ಅಕ್ಕಸಾಲಿಗ ಸಾಹುಕಾರರ ತಂತ್ರವೇ ಇದು. ಆದರೆ ಬ್ಯಾಂಕು ಆಗಿನ ಹಾಗೆ ಎಳೆಯದಾಗಿರಲಿಲ್ಲ. ಹಣ ಕೇಳಿದವರು ಕೆಲವರೇ ಆಗಿದ್ದು, ಅವರ ದ್ವೇಷವು ಊರಿಗೆಲ್ಲ ತಿಳಿದಿದ್ದುದರಿಂದ ಉಳಿದವರಲ್ಲಿ ಸಂಶಯ ಹುಟ್ಟಲಿಲ್ಲ.

ಇತ್ತ ಕೋಠಿಯ ಒಳಗು ಕೊಳೆಯುತ್ತಿದ್ದಿತು. ಕೋಠಿಯ ಕೀರ್ತಿಯನ್ನು ಬೆಳಸಿದ ಸ್ಯಾಮ್ಯುಅಲ್ ಗರ್ನಿಯು ೧೮೫೬ರಲ್ಲಿ ತೀರಿಕೊಂಡ ಮೇಲೆ, ಹೊಸ ತಲೆಮಾರಿನವರು ಹುಂಡಿಯ ವ್ಯಾಪಾರವನ್ನು ಮೀರಿ ಹಡಗು, ಕಬ್ಬಿಣ, ರೈಲ್ವೆಗಳಿಗೆ ಹಣ ಸುರಿದಿದ್ದರು. ಬೇಕೆಂದ ದಿನ ಹಿಂದಕ್ಕೆ ಕೊಡಬೇಕಾದ ಹಣವು ಎಂದು ಬರುವುದೋ ತಿಳಿಯದ ಸಾಲಗಳಲ್ಲಿ ಸಿಕ್ಕಿಕೊಂಡಿತು. ೧೮೬೫ರಲ್ಲಿ ಕೋಠಿಯನ್ನು ಪರಿಮಿತ ಹೊಣೆಯ ಕಂಪೆನಿಯಾಗಿ ಮಾರ್ಪಡಿಸಿ ಷೇರುಗಳನ್ನು ಮಾರಿದರು. ಹಳೆಯ ನಷ್ಟಗಳ ಸಂಗತಿಯನ್ನು ಕೊಂಡವರಿಗೆ ತಿಳಿಸಲಿಲ್ಲ. ಒಂದೊಂದು ಷೇರಿನ ಬೆಲೆ ೫೦ ಪೌಂಡು. ಅದರಲ್ಲಿ ಕಟ್ಟಿಸಿಕೊಂಡದ್ದು ೧೫. ೧೮೬೬ರ ಆದಿಯಲ್ಲಿ ವಾಟ್ಸನ್ ಓವರೆಂಡ್ ಎಂಬ ಬೇರೊಂದು ಸಂಸ್ಥೆಯು ದಿವಾಳಿಯೆದ್ದಿತು. ಕೋಠಿಗೂ ಅದಕ್ಕೂ ಸಂಬಂಧವಿರಲಿಲ್ಲ, ಹೆಸರಿನ ಹೋಲಿಕೆಯೊಂದನ್ನುಳಿದು. ಸಂಶಯಕ್ಕೆ ಅಷ್ಟೇ ಸಾಕಾಯಿತು. ಬ್ಯಾಂಕುಗಳು ತಮ್ಮ ಹಣವನ್ನು ಸದ್ದಿಲ್ಲದೆ ಹಿಂದಕ್ಕೆ ಪಡೆಯತೊಡಗಿದುವು. ಮೇ ೯ರಂದು ನ್ಯಾಯಸ್ಥಾನವು ಮಿಡ್-ವೇಲ್ಸ್ ರೈಲ್ವೆಯ ಹುಂಡಿಗಳ ವಿಷಯದಲ್ಲಿ ಕೋಠಿಗೆ ಪ್ರತಿಕೂಲವಾಗಿ ತೀರ್ಪುಕೊಟ್ಟಿತು. ಕೋಠಿಯವರು ಇಂಗ್ಲೆಂಡಿನ ಬ್ಯಾಂಕಿನ ಸಹಾಯವನ್ನು ಬೇಡಿದರು. ಬ್ಯಾಂಕು ಪರಿಶೀಲಕರನ್ನು ಕಳುಹಿಸಿ ಲೆಕ್ಕಗಳನ್ನು ನೋಡಿಸಿತು. ಕೋಠಿಯು ಉಳಿಯುವ ಸ್ಥಿತಿಯಲ್ಲಿಲ್ಲವೆಂದು ಅವರು ಹೇಳಲು, ಸಹಾಯವನ್ನು ನಿರಾಕರಿಸಿತು. ಮೇ ೧೦ರ ಗುರುವಾರ ಮಧ್ಯಾಹ್ನ ಓವರೆಂಡ್ ಗರ್ನಿಯ ಬಾಗಿಲು ಮುಚ್ಚಿತು. ಅದರ ಸಾಲವು ೧ ಕೋಟಿ ಪೌಂಡುಗಳಿಗೂ ಮಿಕ್ಕಿದ್ದಿತು.

ಮರುದಿನದ ಶುಕ್ರವಾರವು ಲಂಡನ್ನಿನ ಚರಿತ್ರೆಯಲ್ಲಿ ಕರಾಳ ಶುಕ್ರವಾರವೆಂದು ಹೆಸರಾಗಿದೆ. ಲಂಬಾರ್ಡ್ ಬೀದಿಯು ಜನರಿಂದ ಕಿಕ್ಕಿರಿದು, ಗಟ್ಟಿಯಾದ ಬ್ಯಾಂಕುಗಳ ಮುಂದೆಯೂ ಜನರು ಮುತ್ತಿದರು. ಕೊಳೆತ ಕೋಠಿಯನ್ನು ಕೈಬಿಟ್ಟ ಇಂಗ್ಲೆಂಡಿನ ಬ್ಯಾಂಕು, ಉಳಿದವರ ವಿಷಯದಲ್ಲಿ ತದ್ವಿರುದ್ಧವಾಗಿ ವರ್ತಿಸಿತು. ಸರ್ಕಾರದ ಪತ್ರಗಳನ್ನಾಗಲಿ ಒಳ್ಳೆಯ ಹುಂಡಿಗಳನ್ನಾಗಲಿ ತಂದವರಿಗೆಲ್ಲ ಸಾಲ ಕೊಟ್ಟಿತು. ಆ ಒಂದು ದಿನದಲ್ಲಿ ಅದು ಕೊಟ್ಟ ಹಣವು ೪೦ ಲಕ್ಷ ಪೌಂಡುಗಳನ್ನು ಮೀರಿತು. ಬೆಳಗ್ಗೆ ೫೭ ಲಕ್ಷದಷ್ಟಿದ್ದ ಮೀಸಲು ಸಂಜೆಗೆ ಸುಮಾರು ೩೦ ಲಕ್ಷಕ್ಕೆ ಇಳಿದಿದ್ದಿತು. ಆ ರಾತ್ರಿ ಅರ್ಥಮಂತ್ರಿ ಗ್ಲ್ಯಾಡ್‌ಸ್ಟನ್ನನು ಮೂರನೆಯ ಸಲ ಶಾಸನವನ್ನು ಸಡಿಲಿಸುವ ಪತ್ರವನ್ನು ಬರೆದನು. ಬಡ್ಡಿಯ ದರವು ನೂರಕ್ಕೆ ಹತ್ತಕ್ಕೆ ಏರಿ ಮೂರು ತಿಂಗಳು ಅಲ್ಲಿಯೇ ನಿಂತಿತು. ಶಾಸನದ ಮಿತಿಯನ್ನು ಮೀರಬೇಕಾಗಿ ಬರಲಿಲ್ಲ. ಹಲವು ಬ್ಯಾಂಕುಗಳು ಬಿದ್ದುವು. ಇಂಗ್ಲೆಂಡಿನ ಬ್ಯಾಂಕಿನ ಮೇಲಣ ನಂಬಿಕೆ ಮಾತ್ರ ಮೊದಲಿಗಿಂತ ಹೆಚ್ಚಿತು. ಕೋಠಿಯ ನಿರ್ದೇಶಕರ ಮೇಲೆ ಮೋಸದ ಮೊಕದ್ದಮೆ ನಡೆದು, ೧೮೬೯ರಲ್ಲಿ ಅವರು ನಿರಪರಾಧಿಗಳೆಂದು ತೀರ್ಪಾಯಿತು. ಷೇರುದಾರರು ಮಾತ್ರ, ಕಳೆದುಕೊಂಡುದರ ಮೇಲೆ, ಮತ್ತೆಯೂ ಹಣ ಕಟ್ಟಬೇಕಾಯಿತು.

೬

ಉದಾರವಾಗಿ ಸಾಲ ಕೊಡುವುದೇ ಭಯಕ್ಕೆ ಮದ್ದೆಂದು ಇದರಿಂದ ತೀರ್ಮಾನಿಸಿದರೆ ಅದು ಅರ್ಧ ಸತ್ಯವಾದೀತು. ಅದೇ ವರ್ಷಗಳಲ್ಲಿ ಇಂಡಿಯಾದಲ್ಲಿ ನಡೆದ ಸಂಗತಿಯು ಉಳಿದರ್ಧವನ್ನು ತಿಳಿಸುತ್ತದೆ. ೧೮೬೧ರಲ್ಲಿ ಅಮೆರಿಕದಲ್ಲಿ ಅಂತರ್ಯುದ್ಧವು ಮೊದಲಾಗಿ ಅಲ್ಲಿನ ಹತ್ತಿ ಇಂಗ್ಲೆಂಡಿಗೆ ಬಾರದಂತಾಗಲು, ಗುಜರಾತು, ಬೇರಾರು, ಧಾರವಾಡ ಸೀಮೆಗಳ ಹತ್ತಿಗೆ ಹಿಂದೆಂದೂ ಕಾಣದ ಬೆಲೆ ಬಂದು, ಮುಂಬಯಿಯಲ್ಲಿ ಹಣದ ಹೊಳೆಯೇ ಹರಿಯಿತು. ಆ ಹಣವು ಸಮುದ್ರವನ್ನು ತೂರಿ ನೆಲಮಾಡುವ ಕಂಪೆನಿಗಳ ಷೇರುಗಳಲ್ಲಿಯೂ ಮತ್ತಿತರ ಷೇರುಗಳಲ್ಲಿಯೂ ತೊಡಗಿತು. ಸರ್ಕಾರವೂ ಪಾಲುದಾರನಾಗಿದ್ದ ಮುಂಬಯಿಯ ಬ್ಯಾಂಕು, ೧೮೬೩ರ ಹೊಸ ಶಾಸನವು ಕೊಟ್ಟ ಸ್ವಾತಂತ್ರ್ಯವನ್ನು ಹಿಡಿದು, ಇಂಥ ಷೇರುಗಳನ್ನೇ ಒತ್ತೆಯಿಟ್ಟುಕೊಂಡು ಧಾರಾಳವಾಗಿ ಸಾಲ ಕೊಟ್ಟಿತು. ೧೮೬೫ರಲ್ಲಿ ಯುದ್ಧ ನಿಂತು ಹತ್ತಿಯ ಬೆಲೆ ಕುಸಿಯಲು ಷೇರುಗಳು ಕಾಗದದ ಚೂರುಗಳಾದುವು. ಬ್ಯಾಂಕು ತನ್ನ ಮೂಲಧನದ ಬಹುಭಾಗವನ್ನು ಕಳೆದುಕೊಂಡು ೧೮೬೮ರಲ್ಲಿ ಮುಚ್ಚಿಹೋಯಿತು; ಹೊಸ ಹೆಸರಿನಲ್ಲಿ ಹೊಸ ಬ್ಯಾಂಕನ್ನು ಕಟ್ಟಬೇಕಾಯಿತು. ಲಂಡನ್ನಿನ ಬಿರುಗಾಳಿಯೂ ಇಂಡಿಯಾಕ್ಕೆ ತಟ್ಟದೆ ಹೋಗಲಿಲ್ಲ. ಆಗ್ರಾದಲ್ಲಿ ಹುಟ್ಟಿ ಲಂಡನ್ನಿನಲ್ಲಿ ಬೆಳೆದಿದ್ದ ಆಗ್ರಾ ಮತ್ತು ಮಾಸ್ಟರ್‌ಮನ್ ಬ್ಯಾಂಕು ೧೮೬೬ರ ಜೂನಿನಲ್ಲಿ ಪಾವತಿಯನ್ನು ನಿಲ್ಲಿಸಿತು.

ಮುಂಬಯಿಯ ಬ್ಯಾಂಕೂ ಇಂಗ್ಲೆಂಡಿನ ಬ್ಯಾಂಕೂ ಎರಡೂ ಧಾರಾಳವಾಗಿಯೇ ಕೊಟ್ಟುವು. ಒಂದು, ಸಂತೆ ತುಂಬಿದ್ದಾಗ ಹುಸಿ ಆಧಾರದ ಮೇಲೆ ಕೊಟ್ಟಿತು. ಮತ್ತೊಂದು, ಸಂತೆ ಚೆದರಿದಾಗ ಗಟ್ಟಿ ಆಧಾರದ ಮೇಲೆ ಕೊಟ್ಟಿತು. ಕೊಡುವ ಕಾಲವೂ ಹಿಡಿಯುವ ಆಧಾರವೂ ಬೇರೆಯಾದುದರಿಂದ ಒಂದು ಅಳಿದು ಮತ್ತೊಂದು ಉಳಿಯಿತು.

೭

೧೮೬೬ರ ಸೆಪ್ಟೆಂಬರಿನಲ್ಲಿ ಬ್ಯಾಂಕಿನ ಗವರ್ನರನಾದ ಲಾನ್ಸಲಾಟ್ ಹಾಲೆಂಡನು ಷೇರುದಾರರ ಸಭೆಯಲ್ಲಿ, ಬ್ಯಾಂಕು ತನ್ನ ಕರ್ತವ್ಯದಿಂದ ಹಿಂಜರಿಯಲಿಲ್ಲವೆಂದು ಹೇಳಿದನು. ‘ಇಕಾನಮಿಸ್ಟ್’ ಪತ್ರಿಕೆಯ ಸಂಪಾದಕನಾಗಿದ್ದ ವಾಲ್ಟರ್ ಬ್ಯಾಜೆಟ್ಟನು ಈ ಮಾತನ್ನು ಹಿಡಿದು, ಕಷ್ಟಕಾಲದಲ್ಲಿ ಇತರ ಬ್ಯಾಂಕುಗಳಿಗೆ ಒದಗುವುದು ತನ್ನ ಹೊಣೆಯೆಂದು ಬ್ಯಾಂಕು ಒಪ್ಪ್ಪಿಕೊಂಡಂತಾಯಿತೆಂದು ಬರೆದನು. ಬ್ಯಾಂಕಿನ ಹಿಂದಿನ ಗವರ್ನರನೂ ಅನುಭವಿಯೂ ಆದ ಥಾಮ್ಸನ್ ಹ್ಯಾಂಕಿಯು ಇದನ್ನು ಬಲವಾಗಿ ವಿರೋಧಿಸಿದನು. ಅವನ ವಾದವು ತಳ್ಳಿಹಾಕತಕ್ಕುದಾಗಿರಲಿಲ್ಲ. ಬ್ಯಾಂಕು ಎಲ್ಲರನ್ನೂ ಕಾಪಾಡುವುದೆಂದು ಮೊದಲೇ ಗೊತ್ತಾದರೆ, ಉಳಿದ ಬ್ಯಾಂಕುಗಳು ತಮ್ಮ ಮೀಸಲನ್ನು ಏತಕ್ಕೆ ಇಟ್ಟುಕೊಂಡಾವು? ಸಾಲ ಕೊಡುವಾಗ ಏತಕ್ಕೆ ಎಚ್ಚರವಹಿಸಿಯಾವು? ೧೮೫೮ರ ನಿಯಮದ ಹಿಂದೆ ಇದ್ದುದೂ ಈ ಭಯವೇ.

ಬ್ಯಾಜೆಟ್ಟನು ಸ್ವತಃ ಬ್ಯಾಂಕಿನ ಕುಟುಂಬದಲ್ಲಿ ಹುಟ್ಟಿ, ಸಾಮರ್ಸೆಟ್ ಸೀಮೆಯ ಸ್ಟಕಿ ಬ್ಯಾಂಕಿನಲ್ಲಿ ಪಳಗಿದವನು. ೧೮೭೩ರಲ್ಲಿ ಪ್ರಕಟವಾದ ‘ಲಂಬಾರ್ಡ್ ಸ್ಟ್ರೀಟ್’ ಎಂಬ ಗ್ರಂಥದಲ್ಲಿ ಅವನು ತನ್ನ ಸಿದ್ಧಾಂತವನ್ನು ನೆಲೆಗೊಳಿಸಿದನು. ಅದರ ಸಾರವಿಷ್ಟು: ದೇಶದ ರೊಕ್ಕದ ಮೀಸಲೆಲ್ಲವೂ ವಾಸ್ತವವಾಗಿ ಇಂಗ್ಲೆಂಡಿನ ಬ್ಯಾಂಕಿನಲ್ಲಿಯೇ ಸೇರಿದೆ. ಮೀಸಲಿರುವುದು ಕಷ್ಟಕಾಲದಲ್ಲಿ ವೆಚ್ಚಮಾಡುವುದಕ್ಕಾಗಿ. ಆ ಕಾಲದಲ್ಲಿ ಅದನ್ನು ಬಿಗಿಹಿಡಿದರೆ ಇಟ್ಟದ್ದರ ಪ್ರಯೋಜನವೇ ಇಲ್ಲ. ಆದುದರಿಂದ ಭಯದ ದಿನಗಳಲ್ಲಿ ಒಳ್ಳೆಯ ಆಧಾರವನ್ನು ತಂದವರಿಗೆಲ್ಲ ಸಂಕೋಚವಿಲ್ಲದೆ ಕೊಡಬೇಕು. ಅವಶ್ಯವಿಲ್ಲದವರು ಬಾರದಂತೆ ಬಡ್ಡಿಯನ್ನು ಹೆಚ್ಚಾಗಿ ಹಿಡಿಯಬೇಕು. ಸಾಮಾನ್ಯಕಾಲದಲ್ಲಿಯೇ ಬೆಲೆಯಿಲ್ಲದ ಆಧಾರವನ್ನು ತಂದವರನ್ನು ಹಿಂದಕ್ಕೆ ಕಳುಹಿಸಬೇಕು. ಎಲ್ಲಕ್ಕೂ ಮಿಗಿಲಾಗಿ, ಬ್ಯಾಂಕು ಹೀಗೆ ಮಾಡುವುದೆಂಬುದು ಜನರಿಗೆ ಮೊದಲೇ ಗೊತ್ತಿರಬೇಕು. ಕಡೆಯ ಘಳಿಗೆಯಲ್ಲಿ, ಒಲ್ಲದ ಮನಸ್ಸಿನಿಂದ ಕೊಟ್ಟ ಹಣವು ಬೊಕ್ಕಸವನ್ನು ಬರಿದುಮಾಡುತ್ತದೆಯೇ ಹೊರತು ಭಯವನ್ನು ಕಳೆಯುವುದಿಲ್ಲ.

ಬ್ಯಾಜೆಟ್ಟನು ಹೇಳಿದುದರಲ್ಲಿ ಹೊಸದಾಗಿ ಕಲ್ಪಿಸಿದುದು ಕಡಮೆ. ೧೮೨೫ರಲ್ಲಿ ದಿಕ್ಕುತೋಚದೆ ಮಾಡಿದುದನ್ನು, ೧೮೪೭ರ ಪತ್ರದಿಂದ ತಿಳಿದುಬಂದುದನ್ನು, ೧೮೬೬ರ ಶುಕ್ರವಾರ ಧೈರ್ಯದಿಂದ ನಡಸಿದುದನ್ನು ಅವನು ನಿಯಮವಾಗಿ ಮಾಡಿದನು. ನೂರೆಪ್ಪತ್ತು ವರ್ಷಗಳಿಗೂ ಮಿಕ್ಕ ಅನುಭವವು ಆ ನಿಯಮದ ಹಿಂದೆ ಇದ್ದಿತು.

೮

ಈ ನಿಯಮವು ದೊಡ್ಡ ಸಾಹುಕಾರರ ಭಯಕ್ಕೆ ಹೇಳಿದ್ದು. ಸಣ್ಣ ಠೇವಣಿದಾರನಿಗೆ ಒತ್ತೆಯಿಡುವ ಪತ್ರಗಳೂ ಇಲ್ಲ, ಲೆಕ್ಕ ನೋಡುವ ಸಾಧನವೂ ಇಲ್ಲ. ಇದರ ಕೊರತೆಯು ಇಂಗ್ಲೆಂಡಿನಲ್ಲಿಯೇ ೨೦೦೭ರ ಸೆಪ್ಟೆಂಬರಿನಲ್ಲಿ ಬಯಲಾಯಿತು. ನಾರ್ದರ್ನ್ ರಾಕ್ ಎಂಬ ಬ್ಯಾಂಕು ಮನೆಗಳ ಮೇಲೆ ದೀರ್ಘಕಾಲದ ಸಾಲ ಕೊಟ್ಟು, ಅದಕ್ಕೆ ಬೇಕಾದ ಹಣದ ಬಹುಭಾಗವನ್ನು ಪೇಟೆಯ ದೊಡ್ಡ ಸಂಸ್ಥೆಗಳಿಂದ ಪಡೆಯುತ್ತಿದ್ದಿತು. ಆ ವರ್ಷದ ಆಗಸ್ಟಿನಲ್ಲಿ ಪೇಟೆಯ ಹಣ ಬತ್ತಿಹೋಯಿತು. ಇಂಗ್ಲೆಂಡಿನ ಬ್ಯಾಂಕು ಸಹಾಯಕ್ಕೆ ಒಪ್ಪಿತೆಂಬ ವಾರ್ತೆ ಸೆಪ್ಟೆಂಬರ್ ೧೩ರ ಸಂಜೆ ಹೊರಬೀಳಲು, ಅದೇ ವಾರ್ತೆಯೇ ಭಯಕ್ಕೆ ಕಾರಣವಾಗಿ ಮರುದಿನ ಠೇವಣಿದಾರರು ಬೀದಿಯುದ್ದಕ್ಕೂ ಸಾಲುಗಟ್ಟಿದರು. ಆಗಿನ ವಿಮೆಯು ೨,೦೦೦ ಪೌಂಡುಗಳನ್ನು ಮೀರಿದ ಠೇವಣಿಗೆ ಪೂರ್ತಿ ರಕ್ಷಣೆ ಕೊಡುತ್ತಿರಲಿಲ್ಲ. ಸೆಪ್ಟೆಂಬರ್ ೧೭ರಂದು ಸರ್ಕಾರವೇ ಆ ಬ್ಯಾಂಕಿನ ಠೇವಣಿಗಳಿಗೆಲ್ಲ ಹೊಣೆಯಾದ ಮೇಲೆ ಸಾಲುಗಳು ಕರಗಿದುವು.

ಇಂಡಿಯಾದಲ್ಲಿ ಈ ಪಾಠವು ಅದಕ್ಕೆ ಬಹು ಮೊದಲೇ ಬಂದಿದ್ದಿತು. ೧೯೬೦ರಲ್ಲಿ ಕೇರಳದ ಪಾಲಾಯಿ ಸೆಂಟ್ರಲ್ ಬ್ಯಾಂಕು ಮುಚ್ಚಿಹೋಗಿ, ಸಣ್ಣ ಉಳಿತಾಯದವರ ಗೋಳು ದೇಶಕ್ಕೆಲ್ಲ ಕೇಳಿಸಿದ ಮೇಲೆ, ಪಾರ್ಲಿಮೆಂಟು ಠೇವಣಿ ವಿಮೆಯ ಶಾಸನವನ್ನು ಮಾಡಿತು. ೧೯೬೨ರ ಜನವರಿ ೧ರಿಂದ ಒಬ್ಬೊಬ್ಬ ಠೇವಣಿದಾರನಿಗೆ ೧,೫೦೦ ರೂಪಾಯಿಗಳ ವರೆಗೆ ರಕ್ಷಣೆ ದೊರೆಯಿತು. ೨೦೨೦ರ ಫೆಬ್ರವರಿಯಲ್ಲಿ ಆ ಮಿತಿಯನ್ನು ೫ ಲಕ್ಷ ರೂಪಾಯಿಗಳಿಗೆ ಏರಿಸಲಾಯಿತು.

ಮೇಲ್ಕಂಡ ಸಂಗತಿಗಳಿಂದ ಫಲಿತವಾಗುವುದಿಷ್ಟು. ಸಂಶಯಕಾಲದಲ್ಲಿ ದೊಡ್ಡ ಬ್ಯಾಂಕನ್ನು ನಿಲ್ಲಿಸುವ ಬಲವು ಅದರ ಬೊಕ್ಕಸದ ಪ್ರಮಾಣಕ್ಕಿಂತ ಹೆಚ್ಚಾಗಿ ಮೂರು ಸಂಗತಿಗಳನ್ನು ಅವಲಂಬಿಸಿದೆ: ಅದಕ್ಕೆ ಹಣ ಕೊಟ್ಟವರು ಓಡುವುದಕ್ಕೆ ಕಾರಣವುಳ್ಳವರೋ ನಿಲ್ಲುವುದಕ್ಕೆ ಕಾರಣವುಳ್ಳವರೋ ಎಂಬುದು, ಅದು ಹಿಡಿದಿರುವ ಆಧಾರಗಳು ಭಯದ ದಿನದಲ್ಲಿಯೂ ಒಬ್ಬರು ಒಪ್ಪುವಂಥವೋ ಎಂಬುದು, ಕೊಡಬಲ್ಲ ಕೈಯೊಂದು ಬೆನ್ನ ಹಿಂದೆ ಇದೆಯೆಂಬುದು ಎಲ್ಲರಿಗೂ ಮೊದಲೇ ತಿಳಿದಿದೆಯೋ ಎಂಬುದು. ಓವರೆಂಡ್ ಗರ್ನಿಗೆ ಈ ಮೂರರಲ್ಲಿ ಒಂದೂ ಇರಲಿಲ್ಲ. ಇಂಗ್ಲೆಂಡಿನ ಬ್ಯಾಂಕಿಗೆ ೧೬೯೬ರಲ್ಲಿ ಇವು ಬಹು ಮಟ್ಟಿಗೆ ಇಲ್ಲದಿದ್ದು, ೧೮೬೬ರ ವೇಳೆಗೆ ಒದಗಿದ್ದುವು. ಹ್ಯಾಂಕಿಯ ಪ್ರಶ್ನೆಗೆ ಮಾತ್ರ ಚರಿತ್ರೆಯು ಇನ್ನೂ ಪೂರ್ಣವಾದ ಉತ್ತರವನ್ನು ಕೊಟ್ಟಿಲ್ಲ. ಬೆನ್ನ ಹಿಂದಣ ಕೈಯನ್ನು ನಂಬಿ ಎಚ್ಚರಗೆಡುವ ಬ್ಯಾಂಕು ಪ್ರತಿ ತಲೆಮಾರಿನಲ್ಲಿಯೂ ಹುಟ್ಟುತ್ತದೆ. ಅದರ ಲೆಕ್ಕವನ್ನು ಸಕಾಲದಲ್ಲಿ ನೋಡಿ, ೧೮೬೬ರ ಪರಿಶೀಲಕರಂತೆ ಕೊಡಲಾಗದೆಂದು ಹೇಳುವವರು ಇರುವವರೆಗೆ ಮಾತ್ರ ಉಳಿದವರಿಗೆ ಧಾರಾಳವಾಗಿ ಕೊಡುವ ನಿಯಮವು ಸುರಕ್ಷಿತವಾಗಿರುತ್ತದೆ.